ಇಣಚಿಯ ಗೂಡು, ಅಜ್ಜಿಯ ಹಿಟ್ಟು

ಬಚ್ಚಲಿನ ಗಾಳಿಕಿಂಡಿಯಲ್ಲಿ ಅಳಿಲು ಸೇರಿಕೊಂಡಿದೆ. ಓಡಿಸಿ ಓಡಿಸಿ ಸಾಕಾಗಿ, ಬೆಳಿಗ್ಗೆ ಸಿಮೆಂಟು ಕಲಸಿದೆ. ಆ ಹಸಿ ವಾಸನೆಗೆ ಬನಹಟ್ಟಿಯ ನಮ್ಮ ಮಗ್ಗದ ಮನೆ ನೆನಪಾಯಿತು.

ಅಳಿಲಿಗೆ ನಾವು ಇಣಚಿ ಅನ್ನುತ್ತಿದ್ದೆವು. ಜಂತಿಯ ಸಂದಿಯಲ್ಲಿ ಗೂಡು ಮಾಡಿದ ಒಂದು ಇಣಚಿ, ಮಗ್ಗದ ಮೇಲಿನ ಕೆಂಪು ಎಳೆಗಳನ್ನೇ ಕಡಿದು ಒಯ್ಯುತ್ತಿತ್ತು. ಹರಿದ ಎಳೆಗಳಿಗೆ ಗಂಟು ಹಾಕಿ ಬೇಸತ್ತ ಅಪ್ಪ, ಅದು ಹೊರಗೆ ಹೋದ ಹೊತ್ತು ನೋಡಿ ಸಂದಿಗೆ ಸಿಮೆಂಟು ಮೆತ್ತಿದ.

ತಿರುಗಿ ಬಂದ ಇಣಚಿ ಗೋಡೆಯ ಮೇಲೆ ಕೂತು ಒಂದೇ ಸಮನೆ ಚೀರತೊಡಗಿತು. ಅಜ್ಜಿ ನೂಲು ಸುತ್ತುವ ರಾಟಿ ನಿಲ್ಲಿಸಿದಳು.

"ಒಳಗ ಮರಿ ಅದಾವೇನ, ನೋಡಿದಿ?"

"ನನ್ನ ಎಳಿ ಅದಾವ ಬೇ. ಅಷ್ಟ ಗೊತ್ತು."

"ಇನ್ನೂ ಹಸಿ ಐತಿ, ತಗಿ. ಒಣಗಿದರ ನಿನಗೂ ನಿದ್ದಿ ಬರೂದಿಲ್ಲ."

ಅಪ್ಪ ಗೊಣಗುತ್ತ ಕೆರೆದ. ಒಳಗೆ ಕೆಂಪು ನೂಲಿನ ಹಾಸಿಗೆಯಲ್ಲಿ ಕಣ್ಣು ಬಿಡದ ಮೂರು ಮರಿಗಳು. ಅಜ್ಜಿ ಗೂಡನ್ನು ಹಾಗೇ ಬುಟ್ಟಿಗಿಟ್ಟು ಬೇವಿನ ಟೊಂಗೆಗೆ ಕಟ್ಟಿಸಿದಳು. ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಯಿತು. ಆದರೂ ಅಜ್ಜಿ ಸಂದಿಯ ಬಾಯಿಗೆ ಜೋಳದ ಹಿಟ್ಟು ಉದುರಿಸಿ, ಎರಡು ದಿನ ಅದರಲ್ಲಿ ಹೆಜ್ಜೆ ಮೂಡದಿದ್ದ ಮೇಲೆಯೇ ಮುಚ್ಚಲು ಬಿಟ್ಟಳು. ಒಂದು ಕಡೆ ಅಪ್ಪನ ಸಿಟ್ಟು, ಇನ್ನೊಂದು ಕಡೆ ಅಜ್ಜಿಯ ಹಿಟ್ಟು. ಗೆದ್ದದ್ದು ಹಿಟ್ಟು.

"ಇಣಚಿ ಬಾಣಂತನಾನೂ ಆತು" ಅಂದ ಅಪ್ಪ, ಮತ್ತೆ ಮಗ್ಗಕ್ಕೆ ಕೂತ.

ಇವತ್ತು ನಾನೂ ಕಿಂಡಿಯಲ್ಲಿ ಹಿಟ್ಟು ಉದುರಿಸಿದೆ. ತಾಸು ಬಿಟ್ಟು ನೋಡಿದರೆ ಒಳಗೆ ಹೋದ ಹೆಜ್ಜೆ, ಹೊರಗೆ ಬಂದ ಹೆಜ್ಜೆ, ಮತ್ತೆ ಒಳಗೆ ಹೋದ ಹೆಜ್ಜೆ. ಕಲಸಿದ ಸಿಮೆಂಟನ್ನು ಹಿತ್ತಲ ಮೆಟ್ಟಿಲ ಬಿರುಕಿಗೆ ಮೆತ್ತಿ ಕೈ ತೊಳೆದುಕೊಂಡೆ.