ಇಪ್ಪತ್ತೆಂಟು ದಿನದ ಡಲ್ಸಿ
ಬೇಕರಿಯ ಡಲ್ಸಿ ತನ್ನ ಜಾಹೀರಾತಿಗೆ ಯಾರೂ ಬಾರದಿರಲೆಂದು ಹಾರೈಸುವ ಹೆಂಗಸು. ತನ್ನಲ್ಲಿ ಈಗಾಗಲೇ ಬ್ರೆಡ್ ಬೇಯಿಸುತ್ತಿರುವ ಫಿಲಿಪೀನ್ಸಿನ ರೊಡೆಲನಿಗೆ ಇಲ್ಲೇ ಉಳಿಯಲು ವೀಸಾ ಕೊಡಿಸಬೇಕಾದರೆ, ಆಸ್ಟ್ರೇಲಿಯಾದ ಕಾನೂನಿನಂತೆ ಅವನ ಕೆಲಸಕ್ಕೆ ಮೊದಲು ಇಪ್ಪತ್ತೆಂಟು ದಿನ ಸ್ಥಳೀಯರನ್ನು ಕರೆಯಬೇಕು; ತಕ್ಕವರು ಸಿಕ್ಕರೆ ಅವನಿಗೆ ವೀಸಾ ಇಲ್ಲ. ಕರೆಯುತ್ತಾಳೆ, ಬಾಗಿಲ ಗಂಟೆ ಅಲುಗಿದರೆ ಎದೆ ಹಿಡಿದುಕೊಳ್ಳುತ್ತಾಳೆ. ಕುರಿಯ ಉಣ್ಣೆ ಕತ್ತರಿಸುವವನೊಬ್ಬ ಕೆಲಸ ಕೇಳಿ ಬಂದು ಪರೀಕ್ಷೆಗೆ ನಾದಿದ ಹಿಟ್ಟು ಕಲ್ಲಾದಾಗ, ಸಂತೋಷ ತಡೆಯದೆ ಅವನಿಗೆ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಎರಡು ಪೈ ಕಟ್ಟಿಕೊಟ್ಟಳು. ಮರುದಿನ ಪೈ ಆಸೆಗೆ ಐವರು ಬಂದರು! "ನಾನೂ ಅರ್ಜಿ ಹಾಕ್ಲೇನೇ ಡಲ್ಸಿ?" ಎಂದು ಅಂಚೆಯವನು ಕಾಡಿದ. ಅವಳು ನಿಜವಾಗಿ ಹೆದರಿದ್ದು ನಲವತ್ತು ವರ್ಷ ಬ್ರೆಡ್ ಬೇಯಿಸಿದ ಮುದುಕ ಕ್ಲೆಮ್‌ಗೆ. ಊರಿನಲ್ಲಿ ಕೆಲಸ ಬಲ್ಲವನು ಅವನೊಬ್ಬನೇ. ಕೊನೆಯ ದಿನ ಅವನು ಬಂದೇ ಬಂದ. ಡಲ್ಸಿ ತಾನಾಗಿಯೇ ಅರ್ಜಿಯ ಹಾಳೆಯನ್ನು ಅವನ ಮುಂದಿಟ್ಟಳು. ಕ್ಲೆಮ್ ಹಾಳೆಯನ್ನು ಪಕ್ಕಕ್ಕೆ ಸರಿಸಿ, "ರೊಡೆಲನ ಬ್ರೆಡ್ ತಿಂದ್ಮೇಲೆ ನನ್ ಬ್ರೆಡ್ಡು ನಂಗೇ ಸೇರಲ್ಲ ಕಣೇ, ಒಂದು ಕೊಡು" ಎಂದ.