ಮೀಸೆ ಬಂದ ಮೇಲೆ

ನನ್ನ ಮಗನಿಗೆ ಬರುವ ನಾಲ್ಕಾರು ಮಾತುಗಳಲ್ಲಿ ಮೊದಲು ಬಂದದ್ದು ‘ಬಸ್ಸಿ’. ಆಗ ಅವನಿಗೆ ಆರು ತುಂಬಿತ್ತು. ‘ಅವ್ವಾ’ ಅನ್ನುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ಹೆರಿಗೆ ತಡವಾಗಿ, ಮೈ ನೀಲಿಗಟ್ಟಿ, ಅಳದೇ ಹುಟ್ಟಿದ ಕೂಸು ಅವನು. ಬುದ್ಧಿ ಬೆಳೆಯುವುದು ಕಷ್ಟ, ಬಲಗಾಲು ಹೀಗೇ ಎಳೆಯುತ್ತದೆ, ಫಿಟ್ಸಿನ ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಆ ಡಾಕ್ಟರ ಹತ್ತಿರ ಹೋಗಿ ಬರುವಾಗಲೇ ನಮಗೆ ಗೊತ್ತಾದದ್ದು, ಮನೆಯಲ್ಲಿ ತಲೆ ಗೋಡೆಗೆ ಬಡಿದುಕೊಳ್ಳುವ ಹುಡುಗ ಬಸ್ಸು ಹೊರಟಿತೆಂದರೆ ಸುಮ್ಮನಾಗುತ್ತಾನೆ ಎಂದು. ಎಂಜಿನ್ನಿನ ನಡುಕ ಅವನ ಮೈಗೆ ಹಿಡಿಸುತ್ತಿತ್ತೋ, ಕಿಟಕಿಯ ಗಾಳಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಾವು ಬೆಟಗೇರಿಯವರು. ಮಾವನವರ ಕಾಲದವರೆಗೆ ಮನೆಯೊಳಗೆ ಮಗ್ಗವಿತ್ತು. ನೇಯುವವರು ಕಾಲು ಇಳಿಬಿಡುವ ಅದರ ಕುಣಿ ಮುಚ್ಚಿ ಸಿಮೆಂಟು ಹಾಕಿದ ಜಾಗದಲ್ಲಿ ಈಗ ಮಗನ ಮಂಚವಿದೆ. ನನ್ನ ಗಂಡ ಗದಗದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಾರೆ. ನಾನು ಮನೆಯಲ್ಲೇ ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ವಾರವಿಡೀ ಹೀಗೆ ಕಳೆದು ಭಾನುವಾರ ಬಂತೆಂದರೆ ಮಗ ಬೆಳಿಗ್ಗೆಯೇ ತನ್ನ ಅಂಗಿ ತಂದು ನನ್ನ ತೊಡೆಯ ಮೇಲೆ ಹಾಕುತ್ತಿದ್ದ. ನಾವು ಊಟ ಮುಗಿಸಿ, ಮಗನ ತಂಗಿಯನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆವು. ಯಾವ ಊರಿಗೆ ಎಂಬುದು ಮುಖ್ಯವಲ್ಲ, ಮುಂದಿನ ಸೀಟು ಖಾಲಿ ಇರುವ ಬಸ್ಸು ಬೇಕು. ಒಮ್ಮೆ ಶಿರಹಟ್ಟಿ, ಒಮ್ಮೆ ಲಕ್ಷ್ಮೇಶ್ವರ, ಒಮ್ಮೆ ಮುಂಡರಗಿ. ಇಳಿದು ಚಹಾ ಕುಡಿದು, ಅವನಿಗೆ ಒಂದು ಪೊಟ್ಟಣ ಗಿರ್ಮಿಟ್ ತಿನ್ನಿಸಿ, ಅದೇ ಬಸ್ಸು ತಿರುಗಿ ಹೊರಟರೆ ಅದರಲ್ಲೇ ಹತ್ತುತ್ತಿದ್ದೆವು. ಮುಂಡರಗಿ ದಾರಿಯಲ್ಲಿ ಕಪ್ಪತಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿಪಂಖಗಳು ಕಾಣಿಸಿದಾಗ ಅವನು ಎದ್ದು ನಿಂತು ನಗುತ್ತಿದ್ದ. ಬಸ್ಸಿನಲ್ಲಿದ್ದವರೂ ಅವನ ಸಲುವಾಗಿ ಆ ಕಡೆ ನೋಡುತ್ತಿದ್ದರು.

ಅವನಿಗೊಂದು ರೂಢಿ ಇತ್ತು. ಪಕ್ಕದಲ್ಲಿ ಯಾವ ಹೆಂಗಸು ಕೂತರೂ ಅವಳ ಕೈಬಳೆಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸುವುದು. ಬಳೆ ಒಂದಕ್ಕೊಂದು ತಾಗಿ ಸಪ್ಪಳವಾದರೆ ಕಿವಿ ಅಲ್ಲೇ ಒಯ್ದು ಕೇಳುವುದು. ಸಣ್ಣವನಿದ್ದಾಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳು ತಾವೇ ಕೈ ಚಾಚುತ್ತಿದ್ದರು. “ತಗೋ ತಮ್ಮಾ, ಈ ಕೈಯಾಗ ಹಸರ ಅದಾವು ನೋಡು” ಎಂದು ಇನ್ನೊಂದು ಕೈಯನ್ನೂ ಕೊಡುತ್ತಿದ್ದರು. ಪೇಪರ್‌ಮಿಂಟು ಕೊಟ್ಟವರಿದ್ದಾರೆ. ಹರ್ತಿಯಿಂದ ಹತ್ತಿದ ಒಬ್ಬ ಅಜ್ಜಿ ಅವನ ತಲೆಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಗದಗದವರೆಗೆ ನಿದ್ದೆ ಮಾಡಿಸಿದ್ದಳು. ಕಷ್ಟವೆಲ್ಲ ಮನೆಯೊಳಗೆ, ಹೊರಗೆ ಜನ ಒಳ್ಳೆಯವರಿದ್ದಾರೆ ಎಂದು ನಾವಿಬ್ಬರೂ ಆಗಾಗ ಮಾತಾಡಿಕೊಳ್ಳುತ್ತಿದ್ದೆವು.

ಹದಿನಾಲ್ಕು ದಾಟಿದ ಮೇಲೆ ಅವನು ಒಮ್ಮೆಲೇ ಎತ್ತರವಾದ. ಭುಜ ಅಗಲವಾಯಿತು, ದನಿ ಒಡೆಯಿತು, ತುಟಿಯ ಮೇಲೆ ಕಪ್ಪು ಮೂಡಿತು. ಮನಸ್ಸು ಮಾತ್ರ ಸಣ್ಣ ಕೂಸಿನದ್ದೇ ಉಳಿಯಿತು. ಬಸ್ಸಿನಲ್ಲಿ ಜನ ಈಗ ಅವನ ಪಕ್ಕ ಕೂಡುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದರು. ಕೂತ ಹೆಂಗಸರು ಸೆರಗು ಎಳೆದುಕೊಂಡು ಸರಿಯುತ್ತಿದ್ದರು. ಮಗಳು ಹೈಸ್ಕೂಲಿಗೆ ಬಂದ ವರ್ಷದಿಂದ ಹಿಂದಿನ ಸೀಟಿನಲ್ಲಿ ಬೇರೆ ಕೂಡತೊಡಗಿದಳು. ನಮ್ಮವರಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಶಾಲೆಯ ಹುಡುಗಿಯರೂ ಅದೇ ಬಸ್ಸಿಗೆ ಹತ್ತುತ್ತಿದ್ದರು. ಮುಂದೆ ಭಾನುವಾರ ಅಭ್ಯಾಸವಿದೆ ಎಂದು ಬರುವುದನ್ನೇ ಬಿಟ್ಟಳು. ನಾನು ಒತ್ತಾಯ ಮಾಡಲಿಲ್ಲ.

ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಬಸ್ಸುಗಳಲ್ಲಿ ಕಾಲಿಡಲೂ ಜಾಗವಿಲ್ಲದಾಯಿತು. ಅಂಥದ್ದೇ ಒಂದು ಭಾನುವಾರ ಲಕ್ಷ್ಮೇಶ್ವರದ ಬಸ್ಸು. ನನಗೆ ಒಳಗೆ ಒಂದು ಸೀಟು ಸಿಕ್ಕಿತ್ತು. ಮಗ ಮತ್ತು ನನ್ನ ಗಂಡ ಕಂಬಿ ಹಿಡಿದು ನಿಂತಿದ್ದರು. ಮಗನ ಮುಂದೆ ಹೊಸದಾಗಿ ಮದುವೆಯಾದವಳಂತೆ ಕಾಣುವ ಹುಡುಗಿ ನಿಂತಿದ್ದಳು, ಮೊಣಕೈವರೆಗೆ ಹಸಿರು ಬಳೆ. ಅವಳೂ ಅದೇ ಕಂಬಿ ಹಿಡಿದಿದ್ದಳು. ನನಗೆ ಜನರ ನಡುವೆ ಅವನ ಕೈ ಮೇಲೇರಿದ್ದಷ್ಟೇ ಕಂಡಿತು.

ಆ ಹುಡುಗಿ ಚೀರಿದಳು. ಅವಳ ಗಂಡ ಹಿಂದಿನಿಂದ ನುಗ್ಗಿ ಬಂದು ಮಗನ ಕೆನ್ನೆಗೆ ಹೊಡೆದ.

“ಏನಲೇ, ಮೈ ಮುಟ್ಟತೀಯೇನ್?”

ಮಗ ಮೊದಲು ನಕ್ಕ. ಅದು ಯಾವುದೋ ಆಟ ಎಂದುಕೊಂಡನೇನೋ. ನಕ್ಕಿದ್ದಕ್ಕೆ ಇನ್ನೊಂದು ಏಟು ಬಿತ್ತು. ಆಗ ಅವನ ಮುಖ ಬದಲಾಯಿತು. ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕತೊಡಗಿದ.

“ಹೊಡಿಬ್ಯಾಡ್ರಿ, ಅವಂಗ ತಿಳಿಯಂಗಿಲ್ಲರಿ! ಅಂವಾ ಸಣ್ಣ ಕೂಸಿನಂಗ ಅದಾನ್ರಿ” ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಏಳಲು ದಾರಿ ಇರಲಿಲ್ಲ.

“ಇಷ್ಟ ಮೀಸಿ ಬಂದಾವು, ಕೂಸಂತ ಕೂಸು!” ಎಂದು ಆತ ನನ್ನ ಕಡೆ ತಿರುಗಿದ. “ತಿಳಿಯಂಗಿಲ್ಲಂದ್ರ ಮನ್ಯಾಗ ಕಟ್ಟಿ ಹಾಕ್ರಿ. ಮಂದ್ಯಾಗ ಯಾಕ ಕರಕೊಂಡ ಬರತೀರಿ?”

ನನ್ನ ಗಂಡ ಮಗನನ್ನು ತಮ್ಮ ಬೆನ್ನ ಹಿಂದೆ ಮಾಡಿಕೊಂಡು ಆ ಹುಡುಗನಿಗೆ ಕೈ ಮುಗಿದರು. ತಮಗಿಂತ ಅರ್ಧ ವಯಸ್ಸಿನವನಿಗೆ. “ತಪ್ಪಾತು, ಬಿಡ್ರಿ ಅಣ್ಣಾರ, ತಪ್ಪಾತು” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಏಟಿಗಿಂತ ಆ ಮುಗಿದ ಕೈ ನನ್ನ ಎದೆಯಲ್ಲಿ ಕೂತುಬಿಟ್ಟಿತು. ಹುಡುಗಿ ತನ್ನ ಗಂಡನ ತೋಳು ಹಿಡಿದು, “ಸಾಕು ಬಿಡ್ರಿ, ನಾ ಅಂಜಿ ಚೀರಿದೆ” ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೇ ಆ ವಯಸ್ಸಿನಲ್ಲಿ, ಆ ಗದ್ದಲದಲ್ಲಿ ನಿಂತಿದ್ದರೆ ಚೀರುತ್ತಿದ್ದೆ.

ಕಂಡಕ್ಟರು ಮೆಲ್ಲಗೆ ನನ್ನ ಹತ್ತಿರ ಬಂದು, “ಅಕ್ಕಾರ, ಮುಳಗುಂದ ಬಂತು. ಇಳಿದಬಿಡ್ರಿ. ಮುಂದ ಜಗಳ ಹೆಚ್ಚಾದರ ನನಗೂ ತ್ರಾಸು” ಎಂದರು. ಇಳಿದೆವು. ಮಗನ ಪ್ಯಾಂಟು ಒದ್ದೆಯಾಗಿತ್ತು. ಬಸ್ಸು ಹೊರಟಾಗ ಅವನು ಕಾಲೆಳೆಯುತ್ತ ಅದರ ಹಿಂದೆ ಓಡಿದ, “ಬಸ್ಸಿ, ಬಸ್ಸಿ” ಎನ್ನುತ್ತ. ನಮ್ಮನ್ನು ಮರೆತು ಹೋಗಿದೆ ಎಂದೇ ಅವನ ಲೆಕ್ಕ. ನನ್ನ ಗಂಡ ಓಡಿ ಹೋಗಿ ಹಿಡಿದುಕೊಂಡು ಬಂದರು. ಅಂಗಡಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತು, ಕೊನೆಗೆ ಒಂದು ಟಂಟಂ ಆಟೋ ಹಿಡಿದು ಗದಗಕ್ಕೆ ಬಂದೆವು. ಮನೆಗೆ ಬಂದ ಮೇಲೆ ಮಗಳು ಅಣ್ಣನ ಕೆನ್ನೆ ನೋಡಿ, “ಏನಾತು?” ಎಂದಳು. ಅವರಪ್ಪ, “ಬಿದ್ದಾನ” ಎಂದರು. ಅವಳು ನನ್ನ ಮುಖ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೆಲವು ವಾರ ಎಲ್ಲಿಗೂ ಹೋಗಲಿಲ್ಲ. ಮಗ ಪ್ರತಿ ಭಾನುವಾರ ಅಂಗಿ ತಂದು ತೊಡೆಯ ಮೇಲೆ ಹಾಕುತ್ತಿದ್ದ, ನಾನು ಮಡಚಿ ತಿರುಗಿ ಇಡುತ್ತಿದ್ದೆ. ಮತ್ತೆ ತಲೆ ಬಡಿದುಕೊಳ್ಳುವುದು ಶುರುವಾಯಿತು. ಒಂದು ಬೆಳಿಗ್ಗೆ ನನ್ನ ಗಂಡ ಸೋಪಿನ ಬ್ರಶ್ಶು, ರೇಜರು, ಒಂದು ಬಟ್ಟಲು ನೀರು ತೆಗೆದುಕೊಂಡು ಅವನ ಮಂಚದ ಮೇಲೆ ಕೂತರು.

“ಏನ್ ಮಾಡಾಕತ್ತೀರಿ?” ಎಂದೆ.

“ಇದನ್ನ ತಗದಬಿಟ್ರ ಸಣ್ಣ ಹುಡುಗನಂಗ ಕಾಣತಾನ. ಮಂದಿ ಏನೂ ಅನ್ನಂಗಿಲ್ಲ.”

ನಾನು ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದೆ. ರೇಜರು ತುಟಿಗೆ ತಾಗಿದ ಕೂಡಲೇ ಕೊಸರಿದ. ಎರಡು ಕಡೆ ಚರ್ಮ ಹರಿದು ನೊರೆಯಲ್ಲಿ ರಕ್ತ ಬೆರೆಯಿತು. ಮೀಸೆ ಹೋದ ಮುಖ ನಿಜಕ್ಕೂ ಚಿಕ್ಕದಾಗಿ ಕಂಡಿತು. ಹುಟ್ಟಿದ ಮಗ ದೊಡ್ಡವನಾಗಲಿ ಎಂದು ಎಲ್ಲರೂ ಬೇಡಿಕೊಳ್ಳುವುದು. ನಾವಿಬ್ಬರು ಕೂತು ಅವನು ದೊಡ್ಡವನಾದ ಗುರುತನ್ನು ಕೆರೆದು ತೆಗೆಯುತ್ತಿದ್ದೆವು. ನನ್ನ ಗಂಡ ಬಟ್ಟಲಿನ ನೀರು ಚೆಲ್ಲಲು ಹಿತ್ತಲಿಗೆ ಹೋದವರು ಬೇಗ ಒಳಗೆ ಬರಲಿಲ್ಲ.

ಆ ಮಧ್ಯಾಹ್ನ ಮುಂಡರಗಿ ಬಸ್ಸು ಹತ್ತಿದೆವು. ಮಗನನ್ನು ನಡುವೆ ಕೂಡಿಸಿ ಆ ಕಡೆ ಅವರು ಒಂದು ಕೈ, ಈ ಕಡೆ ನಾನು ಒಂದು ಕೈ ಹಿಡಿದಿದ್ದೆವು. ನಾನು ಬೇಕೆಂದೇ ಕೈ ತುಂಬ ಬಳೆ ತೊಟ್ಟು ಹೋಗಿದ್ದೆ. ಅವನ ಬೆರಳನ್ನು ನನ್ನ ಬಳೆಗಳ ಮೇಲೆ ಇಟ್ಟೆ. ಅವನು ಬೆರಳು ಕಿತ್ತುಕೊಂಡ. ನನ್ನ ಬಳೆಯ ಸಪ್ಪಳ ಅವನಿಗೆ ದಿನವೂ ಇದ್ದದ್ದೇ.

ಡಂಬಳದಲ್ಲಿ ಒಬ್ಬ ಮುದುಕಿ ಹತ್ತಿ ನಮ್ಮ ಪಕ್ಕದ ಸೀಟಿನಲ್ಲಿ ಕೂತಳು. ತರಕಾರಿ ಚೀಲ ಕಾಲ ಸಂದಿಯಲ್ಲಿ ಇಟ್ಟುಕೊಂಡಳು. ಮಗ ಅವಳ ಕೈಯನ್ನೇ ನೋಡುತ್ತಿದ್ದ. ಅವಳಿಗೆ ಅದು ಹೇಗೋ ತಿಳಿಯಿತು.

“ಬಳಿ ಬೇಕೇನ್ ಯಪ್ಪಾ? ತಗೋ, ನೋಡು” ಎಂದು ನಗುತ್ತ ಕೈ ಚಾಚಿದಳು.

ಮಗ ಕೈ ಎತ್ತಿದ. ನನ್ನ ಗಂಡ ಗಬಕ್ಕನೆ ಅದನ್ನು ಹಿಡಿದು ಕೆಳಗೆ ಒತ್ತಿದರು. “ಬ್ಯಾಡ!” ಎಂದು ಗದರಿದ ದನಿಗೆ ಮುಂದಿನವರೂ ತಿರುಗಿ ನೋಡಿದರು.

“ಯಾಕ್ರಿ, ನಾನಽ ಕೊಡಾಕತ್ತೇನಿ. ಮುಟ್ಟಿದರ ಏನ್ ಸವೀತಾವೇನು?” ಎಂದಳು ಮುದುಕಿ.

“ಬ್ಯಾಡ ಯವ್ವಾ, ರೂಢಿ ಆಕ್ಕೈತಿ” ಎಂದರು ಇವರು. ಮುದುಕಿ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಪಾಪ, ಅವಳಿಗೇ ಅವಮಾನವಾದಂತಾಯಿತು.

ಮಗ ಅಪ್ಪನ ಮುಖ ನೋಡಿದ, ಮುದುಕಿಯನ್ನು ನೋಡಿದ. ಆಮೇಲೆ ನಮ್ಮ ಹಿಡಿತದಿಂದ ಎರಡೂ ಕೈಗಳನ್ನು ಬಿಡಿಸಿಕೊಂಡು ತನ್ನ ತೊಡೆಗಳ ಕೆಳಗೆ ಇಟ್ಟುಕೊಂಡು ಕೂತ. ಯಾರೂ ಕಲಿಸಿದ್ದಲ್ಲ. ಇಷ್ಟು ವರ್ಷ ಅಂಗಿಯ ಗುಂಡಿ ಹಾಕುವುದು ಕಲಿಯದ ಹುಡುಗ ಇದನ್ನು ಒಂದೇ ಗಳಿಗೆಯಲ್ಲಿ ಕಲಿತ. ಗುಡ್ಡದ ಮೇಲೆ ಗಾಳಿಪಂಖಗಳು ಬಂದವು. ನಾನು “ನೋಡು, ನೋಡು” ಎಂದು ತೋರಿಸಿದೆ. ಅವನು ತಲೆ ಎತ್ತಲಿಲ್ಲ. ಮುಂಡರಗಿಯಲ್ಲಿ ಇಳಿದಾಗ ಅವನ ಅಂಗೈಗಳ ಮೇಲೆ ಸೀಟಿನ ಗೆರೆಗಳು ಮೂಡಿದ್ದವು. ನಾನು ತಿಕ್ಕಿದೆ.

ಆ ಭಾನುವಾರದ ನಂತರ ಅವನು ಅಂಗಿ ತರಲಿಲ್ಲ. ನಾನೇ ತೊಡಿಸಲು ಹೋದರೆ ಮಂಚಕ್ಕೆ ಹೋಗಿ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದ. ಆಟೋ ಮಾಡಿಸಿ ನೋಡಿದೆವು, ಬೈಕಿನ ಮೇಲೆ ಅವನನ್ನು ಅವರಪ್ಪನ ಬೆನ್ನಿಗೆ ಸೀರೆಯಿಂದ ಕಟ್ಟಿಕೊಂಡು ಕೆರೆಯವರೆಗೆ ಹೋಗಿ ಬಂದೆವು. ಅವನ ಮುಖದಲ್ಲಿ ಏನೂ ಆಗಲಿಲ್ಲ. ಡಾಕ್ಟರು ಗುಳಿಗೆ ಬದಲಿಸಿದರು. ಈಗ ತಲೆ ಬಡಿದುಕೊಳ್ಳುವುದೂ ನಿಂತಿದೆ. “ಶಾಂತ ಆಗ್ಯಾನಲ್ಲ, ಛಲೋ ಆತು” ಎಂದು ನೆರೆಯವರು ಹೇಳುತ್ತಾರೆ. ನನ್ನ ಗಂಡ ರೇಜರು ಮುಟ್ಟುವುದನ್ನು ಬಿಟ್ಟಿದ್ದಾರೆ. ಮೀಸೆ ಈಗ ದಪ್ಪಗೆ ಬಂದಿದೆ, ನಮ್ಮ ಮಾವನವರದ್ದೇ ಮೀಸೆ.

ನಾವಿಬ್ಬರೂ ಜೊತೆಯಾಗಿ ಮನೆ ಬಿಡುವುದಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಅವನ ಹತ್ತಿರ. ಮೊನ್ನೆ ಕೋಟುಮಚಗಿಯಲ್ಲಿ ನನ್ನ ಅಕ್ಕನ ಮಗಳ ಮದುವೆಗೆ ನಾನೊಬ್ಬಳೇ ಹೋಗಿದ್ದೆ. ಅಕ್ಕಿಕಾಳು ಹಾಕಿದೆ, ಊಟಕ್ಕೆ ಕೂತೆ. ಬಂಧುಗಳೆಲ್ಲ ಸುತ್ತ ಸೇರಿ ಕೇಳಿದರು, ಗಂಡನ ಕೆಲಸ, ಮಗಳ ಕಾಲೇಜು. ಅಕ್ಕ ಹೋಳಿಗೆ ಬಡಿಸುತ್ತ, “ಮಗ ಎಲ್ಲಿ?” ಎಂದಳು.

“ಮನ್ಯಾಗ ಬಿಟ್ಟ ಬಂದೇನಿ. ಅವರಪ್ಪ ಅದಾರ” ಎಂದೆ.

“ಹೌದಾ” ಎಂದು ಅಕ್ಕ ತುಪ್ಪ ಹಾಕಿ ಮುಂದಿನ ಎಲೆಗೆ ಹೋದಳು. ಮೊದಲಾಗಿದ್ದರೆ ಯಾಕ ಬಿಟ್ಟ ಬಂದಿ, ಕರಕೊಂಡ ಬರಬೇಕಿತ್ತು ಎಂದು ಬೈಯುತ್ತಿದ್ದಳು. ಆ ಮದುವೆಯಲ್ಲಿ ಹಾಗೆಂದು ಒಬ್ಬರೂ ಅನ್ನಲಿಲ್ಲ. ನಾನು ತಲೆ ತಗ್ಗಿಸಿ ಎಲೆಯಲ್ಲಿದ್ದದ್ದನ್ನು ಪೂರ್ತಿ ಉಂಡೆ.