ತುದಿಗೆ ಸಗಣಿ ಮೆತ್ತಿದ ಜಾಲಿ

ಇವತ್ತು ಸಾಮಿಲ್‌ನೊಳಗೆ ಕಾಲಿಟ್ಟೊಡನೆ ಹಸಿ ಜಾಲಿಯ ವಾಸನೆ ಮೂಗಿಗೆ ಬಡಿದು, ಅಪ್ಪ ನೆನಪಾದರು.

ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಮುಂದೆಯೇ ಅಪ್ಪನ ಕಟ್ಟಿಗೆ ಕಡೆಯುವ ಲೇಥ್ ಇತ್ತು. ತುಂಡು ಕೊಳ್ಳಲು ಹೋದಾಗ ಅಂಗಡಿಯವರು ಎಷ್ಟೇ ಹೊಗಳಲಿ, ಅಪ್ಪ ತುಂಡಿನ ಕೊಯ್ದ ತುದಿಗೆ ನೀರು ಸವರುತ್ತಿದ್ದರು. ಬಿರುಕಿದ್ದರೆ ಕಪ್ಪು ಗೆರೆ ಮೂಡುತ್ತಿತ್ತು. ಆರಿಸಿ ತಂದ ತುಂಡುಗಳ ತುದಿಗೆ ಸಗಣಿ ಮೆತ್ತಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಒಮ್ಮೆ ಅತ್ತೆಯ ಕೂಸಿನ ತೊಟ್ಟಿಲಿಗೆಂದು ನಾಲ್ಕು ತುಂಡು ಹಾಗೆ ಒಣಗುತ್ತಿದ್ದವು. ಕೂಸಿನ ತೊಟ್ಟಿಲಿಗೆ ಸಗಣಿಯೇ ಎಂದು ನಾನು ಅವನ್ನು ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಮರುದಿನ ನಾಲ್ಕೂ ಸೀಳಿದ್ದವು.

“ಯಾಕ ತೊಳದಿ ನಮ್ಮವ್ವಾ?”

“ಕೂಸಿಗೆ ಹೊಲಸು ಆಗ್ತದಂತ, ಅಪ್ಪಾ.”

ಅಪ್ಪ ಬೈಯಲಿಲ್ಲ. “ಸಗಣಿ ಕಟ್ಟಿಗಿಗೆ ಕುಂಚಿಗಿ ಇದ್ದಂಗ. ಕೂಸಿನ ತಲಿಮ್ಯಾಗಿನ ಕುಂಚಿಗಿ ಬಿಸಲಾಗ ಯಾರರ ತೆಗೀತಾರೇನು?” ಎಂದರು.

ನಾಮಕರಣ ನೆರೆಮನೆಯ ತೊಟ್ಟಿಲಲ್ಲೇ ಆಯಿತು. ಸೀಳಿದ ತುಂಡುಗಳ ಗಟ್ಟಿ ಭಾಗದಿಂದ ಅಪ್ಪ ಕೂಸಿಗೊಂದು ಗಿಲಕಿ ಕಡೆದುಕೊಟ್ಟರು.

ಈಗ ಆ ಲೇಥ್ ನನ್ನದು. “ಅಕ್ಕಾರ, ಇದು ಒಂದ್ ನಂಬರ್ ಮಾಲ್ ಐತ್ರಿ,” ಎಂದು ಸಾಮಿಲ್‌ನವನು ಜಾಲಿಯ ತುಂಡೊಂದನ್ನು ಮುಂದಿಟ್ಟ.

ನಾನು ಚೀಲದಿಂದ ನೀರಿನ ಬಾಟಲಿ ತೆಗೆದೆ. ಅವನು ಆ ತುಂಡನ್ನು ಬದಿಗಿಟ್ಟು, ಒಳಗಿನಿಂದ ಬೇರೆಯದನ್ನು ತಂದ.